ಸೊನ್ನೆಯಿಂದ ಹತ್ತರ ಪಟ್ಟಿ: ಖರ್ಚಿಲ್ಲದ ಉಪಕರಣ, ಆದರೆ ಎರಡನೇ ಪ್ರಶ್ನೆ ಮರೆತರೆ ದಂಡ

ಆಪ್ತಸಮಾಲೋಚಕರ ಮೇಜಿನ ಮೇಲಿನ ಸಾಮಾನುಗಳಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ರಟ್ಟಿನ ಮೇಲೊಂದು ಗೆರೆ, ಗೆರೆಯ ಮೇಲೆ 0ಯಿಂದ 10ರವರೆಗೆ ಅಂಕಿ. ಇದರ ಹೆಸರು ರೆಡಿನೆಸ್ ರೂಲರ್, ಬದಲಾಗಲು ಮನಸ್ಸು ಎಷ್ಟು ತಯಾರಿದೆ ಎಂದು ಕೇಳುವ ಅಳತೆಪಟ್ಟಿ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಮಾಡುವವರ ಕೈಯಲ್ಲಿ ಹೆಚ್ಚು ಓಡಾಡುವ ಪಟ್ಟಿ. (ಹೆಸರು ಕೇಳಿದರೆ ಸ್ಫೂರ್ತಿ ಭಾಷಣವೋ ಕೆಲಸದ ಸಂದರ್ಶನವೋ ಅನಿಸುತ್ತದೆ, ಎರಡೂ ಅಲ್ಲ. ಚಟ ಬಿಡುವಂಥ ಬದಲಾವಣೆಗೆ ಮನಸ್ಸನ್ನು ಅಣಿಗೊಳಿಸುವ ಮಾತುಕತೆಯ ಪದ್ಧತಿ.) ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಈ ಪದ್ಧತಿಯ ಬಗ್ಗೆ ಮೊದಲು ಬರೆದದ್ದು 1983ರಲ್ಲಿ, ಕುಡಿತದ ತೊಂದರೆ ಇರುವವರನ್ನು ಮನಸ್ಸಿನಲ್ಲಿಟ್ಟು. ಆಮೇಲೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸ್ಟೀಫನ್ ರೋಲ್ನಿಕ್ ಜತೆ ಸೇರಿ ಬೆಳೆಸಿದರು. ಇದರ ತಿರುಳು ಇಷ್ಟು: ಚಟ ಬಿಡಲು ಕಾರಣಗಳನ್ನು ನಾವು ಒಂದೊಂದಾಗಿ ಎಣಿಸಿ ಹೇಳಬಾರದು, ಎದುರಿಗೆ ಕೂತವರ ಬಾಯಿಂದಲೇ ಅವು ಹೊರಬರಬೇಕು. ರೂಲರ್ ಅದಕ್ಕೊಂದು ನೆಪ, ಅಷ್ಟೇ.

ಗುಟ್ಕಾ ಅಗಿಯುವ ಒಬ್ಬ ಲಾರಿ ಡ್ರೈವರ್ ಎದುರಿಗಿದ್ದಾರೆ ಅಂದುಕೊಳ್ಳಿ.

“ಅಣ್ಣಾ, ಗುಟ್ಕಾ ಬಿಡೋದು ನಿಮಗೆ ಎಷ್ಟು ಮುಖ್ಯ? ಇದರಲ್ಲಿ ಬೆರಳಿಟ್ಟು ತೋರಿಸಿ.”
“ಒಂದು ನಾಕು ಹಾಕ್ಕೊಳ್ಳಿ ಮೇಡಂ.”
“ನಾಕು. ಒಂದು ಅನ್ನಲಿಲ್ಲ, ಎರಡೂ ಅನ್ನಲಿಲ್ಲ. ಏನಿದೆ ಆ ನಾಕರಲ್ಲಿ?”
“ಖಾರ ತಿಂದ್ರೆ ಬಾಯೆಲ್ಲಾ ಉರಿ. ಮುದ್ದೆ ತುತ್ತು ಇಡೋಕೂ ಬಾಯಿ ಅಗಲ ಆಗಲ್ಲ.”
“ಊಟದ ಸುಖಾನೇ ಹೋಗಿದೆ.”
“ಹೂಂ ಮತ್ತೆ. ಮನೇಲಿ ನನಗೊಬ್ಬನಿಗೇ ಸಪ್ಪೆ ಸಾರು.”

ಬಾಯಿ ತೆರೆಯಲಾಗದಿರುವುದು, ಖಾರಕ್ಕೆ ಉರಿಯುವುದು ಅಡಿಕೆ-ಗುಟ್ಕಾದವರಲ್ಲಿ ಕಾಣುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ (ಬಾಯೊಳಗಿನ ಪೊರೆ ಗಡುಸಾಗುವ ಕಾಯಿಲೆ) ಲಕ್ಷಣ. ಅವತ್ತೇ ದಂತವೈದ್ಯರ ಹತ್ತಿರ ಕಳಿಸಬೇಕು. ಆದರೆ “ನೋಡಿದ್ರಾ, ಕ್ಯಾನ್ಸರ್ ಬರುತ್ತೆ” ಎಂದು ಮಧ್ಯೆ ಬಾಯಿ ಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲು “ಇನ್ನೇನು?” ಎಂದು ಎರಡು-ಮೂರು ಸಲ ಕೇಳಿ, ಬಂದದ್ದನ್ನೆಲ್ಲ ಒಟ್ಟುಗೂಡಿಸಿ ಅವರ ಮಾತಿನಲ್ಲೇ ಹೇಳಬೇಕು. ಕಾಯಿಲೆಯ ವಿಷಯ ಆಮೇಲೆ, “ಹೇಳಲಾ?” ಎಂದು ಒಪ್ಪಿಗೆ ಪಡೆದು.

ಹೆಚ್ಚಿನವರು ಎಡವುವುದು ಎರಡನೇ ಪ್ರಶ್ನೆಯಲ್ಲೇ. “ಯಾಕೆ ಬರೀ ನಾಕು? ಎಂಟು ಯಾಕಲ್ಲ?” ಎಂದು ಕೇಳಿದರೆ ರಾತ್ರಿ ಡ್ಯೂಟಿ, ನಿದ್ದೆ, ಜತೆಗಾರರು ಎಂದು ಬಿಡದಿರಲು ಕಾರಣಗಳ ಸಾಲೇ ಬರುತ್ತದೆ. ಹೇಳುತ್ತ ಹೇಳುತ್ತ ಅವರಿಗೇ ಅದು ಗಟ್ಟಿಯಾಗುತ್ತದೆ. ಕೆಳಗಿನ ಅಂಕಿಗೆ ಹೋಲಿಸಿಯೇ ಕೇಳಬೇಕು. ಕನ್ನಡದಲ್ಲಿ “ಯಾಕೆ” ಎನ್ನುವುದೇ ಗದರಿದಂತೆ ಕೇಳುತ್ತದೆ, “ಏನಿದೆ” ಸಲೀಸು.

ಇದುವರೆಗೆ ಹೇಳಿದ್ದು ‘ಎಷ್ಟು ಮುಖ್ಯ’ ಎಂದು ಕೇಳುವ ಪಟ್ಟಿ. ವಿಶ್ವಾಸದ ಪಟ್ಟಿ ಬೇರೆ: “ಬಿಡಬೇಕು ಅಂತ ನಿಂತರೆ ಆಗುತ್ತೆ ಅನ್ನೋ ಧೈರ್ಯ ಎಷ್ಟು?” ಇಲ್ಲಿ ಮೇಲಕ್ಕೂ ಕೇಳಬಹುದು: “ಮೂರು ಇರೋದು ಐದಾಗಬೇಕಾದ್ರೆ ಏನು ಸಿಗಬೇಕು?” ಮುಖ್ಯ ಎನ್ನುವುದು 9, ಧೈರ್ಯ 2 ಇದ್ದವರಿಗೆ ಇನ್ನಷ್ಟು ಕಾರಣ ಹುಡುಕುವುದು ಹಿಂಸೆ. ಅವರಿಗೆ ಬೇಕಾದ್ದು ಉಪಾಯ. ತಂಬಾಕಾದರೆ ನಿಕೋಟಿನ್ ಗಮ್, ಬಿಡಲು ನೆರವಾಗುವ ಫೋನ್ ಸಹಾಯವಾಣಿ ಕ್ವಿಟ್‌ಲೈನ್ 1800-11-2356.

ನಮ್ಮ ಕಡೆ ಈ ಪಟ್ಟಿಗೊಂದು ದೊಡ್ಡ ಕೊರತೆಯಿದೆ. ಹತ್ತಕ್ಕೆ ಎಷ್ಟು ಎಂದ ಕೂಡಲೇ ಕಿವಿಗೆ ಬೀಳುವುದು ಮಾರ್ಕ್ಸು. ನಾಲ್ಕು ಎಂದರೆ ಜಸ್ಟ್ ಪಾಸು, ನಾಚಿಕೆ. ಡಾಕ್ಟರ ಮುಂದೆ, ಅದರಲ್ಲೂ ಹೆಂಡತಿ ಪಕ್ಕದಲ್ಲಿದ್ದರೆ, “ಹತ್ತಕ್ಕೆ ಹತ್ತು ಸಾರ್” ಎಂದುಬಿಡುತ್ತಾರೆ. ಮನೆಯವರನ್ನು ಹತ್ತು ನಿಮಿಷ ಹೊರಗೆ ಕೂರಿಸಿ, “ಇದು ಪರೀಕ್ಷೆ ಅಲ್ಲ” ಎಂದು ಹೇಳಿಯೇ ಶುರುಮಾಡಬೇಕು. ವಯಸ್ಸಾದವರಿಗೆ, ಅಂಕಿ ಒಗ್ಗದವರಿಗೆ “ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?” ಎಂದರೆ ಅರ್ಥ ಚೆನ್ನಾಗಿ ಇಳಿಯುತ್ತದೆ. ಆರಾಣೆ ಅಂದವರನ್ನು ಎರಡಾಣೆ ಯಾಕಾಗಲಿಲ್ಲ ಎಂದು ನಗುತ್ತಲೇ ಕೇಳಬಹುದು. ಅಚ್ಚು ಹಾಕಿಸುವುದಿದ್ದರೆ ಕೆಂಪು-ಹಸಿರು ಬಣ್ಣ, ಅಳುವ-ನಗುವ ಮುಖ ಬೇಡ. ಯಾವುದು ಸರಿ ಉತ್ತರ ಎಂದು ಅವೇ ಹೇಳಿಕೊಟ್ಟುಬಿಡುತ್ತವೆ.

ಸೊನ್ನೆ ಎಂದವರ ಹತ್ತಿರ ವಾದ ಬೇಡ. “ಒಂದು ಅನ್ನೋಕೆ ಏನಾಗಬೇಕು?” ಎಂದು ಒಂದು ಸಲ ಕೇಳಿ, ಮುಂದಿನ ಭೇಟಿಗೆ ದಿನ ಕೊಟ್ಟು ಕಳಿಸಿ. ತಾವಾಗಿಯೇ “ಹೇಗೆ ಬಿಡೋದು ಹೇಳಿ” ಎಂದು ಬಂದವರಿಗೆ ಪಟ್ಟಿ ತೆಗೆಯುವುದೇ ಬೇಡ, ನೇರ ಯೋಜನೆಗೆ ಇಳಿಯಿರಿ. ಅಂಕಿಯನ್ನು ರಿಜಿಸ್ಟರಿಗೆ ಬರೆದು ಮುಂದಿನವರನ್ನು ಕರೆಯುವ ರೂಢಿ ಇರುವಲ್ಲಂತೂ ಇದು ಬರೀ ಸ್ಟೇಷನರಿ.

ದಿನಾ ಹೆಚ್ಚು ಕುಡಿಯುವವರು ಧೈರ್ಯಕ್ಕೆ 10 ಕೊಟ್ಟು “ನಾಳೆಯಿಂದಲೇ ಬಂದ್” ಎಂದರೆ ಖುಷಿಪಟ್ಟು ಮನೆಗೆ ಕಳಿಸಬೇಡಿ. ದಿಢೀರ್ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಮೊದಲು ವೈದ್ಯರು ನೋಡಲಿ.