35 ಇಂಚಿನ ಟೈರಿಗೆ 4.10, 4.56, 4.88: ಯಾವ ಗೇರ್?

ಆಕ್ಸಲ್ ಗೇರ್ ರೇಶಿಯೋ (ಚಕ್ರ ಒಂದು ಸುತ್ತು ಸುತ್ತೋಕೆ ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಲೆಕ್ಕ) 4.10 ಇರೋ ಜೀಪ್ ರ‍್ಯಾಂಗ್ಲರ್ ಜೆಕೆ ರೂಬಿಕಾನ್‌ಗೆ 35 ಇಂಚಿನ ಟೈರ್ ಹಾಕಿದ್ರೆ ಯಾವ ಗೇರ್ ಅಂತ ಕೇಳಿದ್ರಲ್ಲ, ಅದರ ಕಂಪನಿ ಟೈರ್ ಸುಮಾರು 32 ಇಂಚು, 35 ಹಾಕಿದ್ಮೇಲೆ ಅದೇ ಎಳೆತ ಬೇಕಂದ್ರೆ ಲೆಕ್ಕಕ್ಕೆ 4.48 ಬರುತ್ತೆ, ಹಾಗಾಗಿ ಹೈವೇ ಓಡಾಟ ಜಾಸ್ತಿ ಇರೋರಿಗೆ 4.56 ಸರಿ. 4.88ರಲ್ಲಿ ಅದೇ ಸ್ಪೀಡಿಗೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ) ಇನ್ನೂ 7% ಏರುತ್ತೆ, ಆದ್ರೆ ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ಹಗ್ಗದ ಯಂತ್ರ) ಅಂತ ತೂಕ ಏರಿಸಿದೋರು, ಮುಂದೆ 37 ಇಂಚಿನ ಟೈರಿಗೆ ಹೋಗೋರು ಇದನ್ನೇ ತಗೊಳ್ಳಿ.

ಖರ್ಚು ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಮುಂದಿನ ಹಿಂದಿನ ಎರಡೂ ಆಕ್ಸಲ್‌ಗೆ ಒಂದೇ ರೇಶಿಯೋ ಕೂರಿಸ್ಲೇಬೇಕು, ಕೂಲಿನೇ ಭಾರ, ಪಳಗಿದ ಮೆಕ್ಯಾನಿಕ್ಕೇ ಬೇಕು. ಬಾಳಿಕೆ ನೋಡಿದ್ರೆ ನಂಬರ್ ಏರಿದಷ್ಟೂ ಪಿನಿಯನ್ (ಆಕ್ಸಲ್ ಒಳಗಿನ ದೊಡ್ಡ ಗೇರನ್ನ ತಿರುಗಿಸೋ ಚಿಕ್ಕ ಗೇರ್) ಸಣ್ಣದಾಗುತ್ತೆ, ಅಷ್ಟು ಬಲ ಕಮ್ಮಿ.

ದುಡ್ಡು ಈಗ ಬೇಡ ಅಂದ್ರೆ 4.10 ಇರ್ಲಿ, ಲೋ ರೇಂಜ್ (ನಿಧಾನಕ್ಕೆ ಜಾಸ್ತಿ ಎಳೆತ ಕೊಡೋ ಗೇರ್) 4:1 ಇರೋದ್ರಿಂದ ಬಂಡೆ ಮೇಲೆ ನಡೆಯುತ್ತೆ, ಒದ್ದಾಡೋದು ಹೈವೇ ಏರಲ್ಲಿ. ಏನೇ ಹಾಕಿದ್ರೂ ಸ್ಪೀಡೋಮೀಟರ್ ಸರಿ ಮಾಡಿಸ್ಕೊಳ್ಳಿ.