ಸೊಂಟದ ಮೂಳೆ ಜಾರಿದ್ದಕ್ಕೆ ಆಪರೇಷನ್: ಹಾಸನದಲ್ಲಿ ಅಮ್ಮನಿಗೆ ಆದ ಚಿಕಿತ್ಸೆ

ಡಾಕ್ಟರಿಗೆ ಐದಕ್ಕೆ ಐದು. ವಾರ್ಡಿಗೆ ಎರಡಕ್ಕಿಂತ ಜಾಸ್ತಿ ಕೊಡೋಕೆ ಮನಸ್ಸು ಬರುತ್ತಿಲ್ಲ.

ನಮ್ಮದು ಮೂಡಿಗೆರೆ ಕಡೆ. ಅಮ್ಮ ತೋಟ, ಕೊಟ್ಟಿಗೆ ಅಂತ ಬಗ್ಗಿ ಬಗ್ಗಿ ದುಡಿದವರು. ಮೊದಮೊದಲು ಬರೀ ಸೊಂಟನೋವು, ಎಣ್ಣೆ ತಿಕ್ಕಿದರೆ ಹೋಗುತ್ತಿತ್ತು. ಆಮೇಲೆ ನೋವು ಕಾಲಿಗೆ ಇಳಿಯಿತು. ಸ್ವಲ್ಪ ದೂರ ನಡೆದರೆ ಸಾಕು, ಕಾಲು ಜೋಮು ಹಿಡಿಯುವುದು. ಯಾವುದಾದರೂ ಅಂಗಡಿ ಕಟ್ಟೆ ಮೇಲೆ ಕೂತು ಮುಂದಕ್ಕೆ ಬಾಗಿದರೆ ಹಗುರ.

ಹಾಸನದ ಡಾಕ್ಟರ್ ಕೇಳಿದ್ದೂ ಅದನ್ನೇ. "ಅಮ್ಮಾ, ಕೂತ್ರೆ, ಬಗ್ಗಿದ್ರೆ ಆರಾಮ ಅನ್ಸುತ್ತಾ?" ಹಿಂದೆ ತೋರಿಸಿದ ಕಡೆ ಮಲಗಿಸಿ ಎಕ್ಸ್‌ರೇ ತೆಗೆದಿದ್ದರು. ಇವರು ನಿಲ್ಲಿಸಿ, ಮುಂದೆ ಬಗ್ಗಿಸಿ, ಹಿಂದೆ ಬಾಗಿಸಿ ತೆಗೆಸಿದರು. ಮಲಗಿದಾಗ ಮೂಳೆ ಕೆಲವು ಸಲ ಜಾಗಕ್ಕೆ ವಾಪಸ್ ಹೋಗಿಬಿಡುತ್ತದಂತೆ. ಸೊಂಟದ ಭಾಗದ ಬೆನ್ನೆಲುಬಿನ ನಾಲ್ಕನೇ ಮೂಳೆ (ಎಲ್4) ಅದರ ಕೆಳಗಿನ ಐದನೆಯದರ (ಎಲ್5) ಮೇಲೆ ಮುಂದಕ್ಕೆ ಜಾರಿತ್ತು. ಜಾರಿದ್ದು ಕೆಳಗಿನ ಮೂಳೆಯ ಅಗಲದ ಶೇ 25ರೊಳಗೆ ಇದ್ದರೆ ಗ್ರೇಡ್ 1, ಅಂದರೆ ಎಲ್ಲಕ್ಕಿಂತ ಕಡಿಮೆ ಜಾರಿದ್ದು; ಅಮ್ಮನದು ಅದೇ. "ಎಷ್ಟು ಜಾರಿದೆ ಅನ್ನೋದಕ್ಕಿಂತ ನರ ಎಷ್ಟು ಒತ್ತಿದೆ ಅನ್ನೋದು ಮುಖ್ಯ" ಅಂದು ಮೊದಲು ಫಿಸಿಯೋಥೆರಪಿಗೆ ಕಳಿಸಿದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ.

ಆದರೆ ಆಮೇಲೆ ನಡೆಯುವಾಗ ಬಲಗಾಲಿನ ಚಪ್ಪಲಿ ಗೊತ್ತೇ ಆಗದೆ ಕಳಚಿ ಬೀಳೋಕೆ ಶುರುವಾಯಿತು. ಹೆಬ್ಬೆರಳು ಮೇಲೆತ್ತಲು ಆಗುತ್ತಿರಲಿಲ್ಲ. ಇನ್ನು ಕಾಯೋದು ಬೇಡ, ಆಪರೇಷನ್ ಮಾಡೋಣ ಅಂದರು ಡಾಕ್ಟರ್.

ಏನು ಮಾಡುತ್ತಾರೆ ಅಂತ ಪ್ಲಾಸ್ಟಿಕ್ ಬೆನ್ನೆಲುಬು ಹಿಡಿದು ತೋರಿಸಿದರು. ಹಿಂಬದಿಯ ಮೂಳೆ ಸ್ವಲ್ಪ ತೆಗೆದು ನರ ಬಿಡಿಸುವುದು. ಎರಡು ಮೂಳೆಗೂ ಸೇರಿ ನಾಲ್ಕು ಸ್ಕ್ರೂ, ಎರಡು ರಾಡ್. ಎರಡು ಮೂಳೆ ನಡುವಿನ ಮೆತ್ತೆಯಂಥ ಡಿಸ್ಕ್ ತೆಗೆದ ಜಾಗಕ್ಕೆ ಒಂದು ಕೇಜ್, ಅಂದರೆ ಆ ಅಂತರ ಹಿಡಿದಿಡುವ ಪುಟ್ಟ ಬಿಲ್ಲೆ, ಅದರ ಸುತ್ತ ಅಮ್ಮನದೇ ಮೂಳೆ ಚೂರು. ಸ್ಕ್ರೂ ಹಿಡಿದಿಡುತ್ತದೆ ಅಷ್ಟೇ. ಮೂಳೆಗೆ ಮೂಳೆ ಬೆಸೆದುಕೊಂಡಾಗಲೇ ಅದು ಗಟ್ಟಿ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಹೊಗೆಸೊಪ್ಪು ಇದಕ್ಕೆ ಅಡ್ಡಿ ಮಾಡುತ್ತದೆ, ಎಲೆಅಡಿಕೆ ಜೊತೆ ಹಾಕೋದನ್ನು ಬಿಟ್ಟರೆ ಮಾತ್ರ ಆಪರೇಷನ್ ಅಂತ ಖಡಾಖಂಡಿತ ಹೇಳಿದರು. ನಾವು ಮಕ್ಕಳು ವರ್ಷಗಟ್ಟಲೆ ಹೇಳಿದರೂ ಕೇಳದ ಅಮ್ಮ ಅವರ ಮಾತಿಗೆ ಬಿಟ್ಟರು! ಸೋಂಕು ಆಗಬಹುದು, ನರಕ್ಕೆ ಪೆಟ್ಟಾಗಬಹುದು, ಮುಂದೆ ಪಕ್ಕದ ಮೂಳೆಗೆ ಭಾರ ಬೀಳಬಹುದು ಅನ್ನೋದನ್ನೂ ಮುಚ್ಚಿಡಲಿಲ್ಲ.

ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಡೆಸಿದರು. ಹೊಲಿಗೆ ನೋವಿತ್ತು, ಕಾಲಿನ ಸೆಳೆತ ಹೋಗಿತ್ತು.

ಈಗ ವಾರ್ಡ್. ಬೆನ್ನಿನ ಆಪರೇಷನ್ ಆದವರೇ ಇರುವ ಕಡೆ ಟಾಯ್ಲೆಟ್‌ನಲ್ಲಿ ಹಿಡಿದು ಏಳೋಕೆ ಒಂದು ಸರಳು ಇಲ್ಲ. ನಾನೇ ಅಮ್ಮನ ಎರಡೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಿತ್ತು. ಸೊಂಟ ತಿರುಚಬಾರದು, ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈ ಒಟ್ಟಿಗೆ ಹೊರಳಬೇಕು. ಅದನ್ನು ಹೇಳಿಕೊಟ್ಟಿದ್ದು ಪಕ್ಕದ ಬೆಡ್ಡಿನವರ ಮಗಳು, ನರ್ಸ್ ಅಲ್ಲ. ಸ್ಕ್ರೂ, ಕೇಜ್‌ನ ದುಡ್ಡು ಪ್ಯಾಕೇಜಿಗೆ ಸೇರಿಲ್ಲ ಅಂತ ಗೊತ್ತಾಗಿದ್ದು ಬಿಲ್ ಬಂದಾಗ. ಸೇರುವ ಮೊದಲೇ ಇದನ್ನು ಕೇಳಿ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಬೇಜಾರಾಗಿದ್ದು ಡಿಸ್ಚಾರ್ಜ್ ಚೀಟಿ ನೋಡಿ. ಮೂತ್ರ ಕಟ್ಟಿದರೆ, ತೊಡೆ ಸಂದಿಯಲ್ಲಿ ಮರಗಟ್ಟಿದರೆ ಒಂದು ಗಳಿಗೆಯೂ ಕಾಯದೆ ಬನ್ನಿ ಅನ್ನುವ ಸಾಲು ಇಂಗ್ಲಿಷಿನಲ್ಲಿ, ಕೊನೇ ಪುಟದಲ್ಲಿತ್ತು. ಬೇಲೂರು, ಸಕಲೇಶಪುರ, ಮೂಡಿಗೆರೆಯಿಂದ ಬರುವ ಎಷ್ಟು ಜನ ಅದನ್ನು ಓದುತ್ತಾರೆ? ಕನ್ನಡದಲ್ಲಿ, ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ ಹಾಕಿ ಅಂತ ಕೌಂಟರಿನಲ್ಲಿ ಬರೆದುಕೊಟ್ಟು ಬಂದಿದ್ದೇನೆ.