ಹಳೇ ಲ್ಯಾಪ್‌ಟಾಪ್ ಮಾರೋ ಮುಂಚೆ: ಡಿಸ್ಕ್ ಕಿತ್ತಿಟ್ಟುಕೊಳ್ಳೋದಾ, ಅಳಿಸಿ ಕೊಡೋದಾ?

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಗೆ ಲ್ಯಾಪ್‌ಟಾಪ್ ಒಯ್ಯೋ ಮುಂಚೆ ಇದು ತೀರ್ಮಾನ ಆಗಬೇಕು. ಡಿಸ್ಕ್ ಕಿತ್ತು ಮನೆಯಲ್ಲೇ ಇಟ್ಟುಕೊಂಡರೆ ನಿಮ್ಮ ಫೋಟೊ, ಬ್ಯಾಂಕ್ ಕಾಗದ ಯಾರ ಕೈಗೂ ಸಿಗೋದಿಲ್ಲ. ಆದರೆ ಡಿಸ್ಕ್ ಇಲ್ಲದೆ ವಿಂಡೋಸ್ ಶುರುವಾಗದ ಮಷೀನಿಗೆ ಗುಜರಿ ರೇಟೇ ಗತಿ.

ಅಳಿಸಿ ಕೊಟ್ಟರೆ ನಾಲ್ಕು ಕಾಸು ಹೆಚ್ಚು ಬರುತ್ತದೆ, ಅಳಿಸೋದು ಸರಿಯಾಗಿರಬೇಕಷ್ಟೇ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲುಗಳ ಪಟ್ಟಿ ಹೋಗುತ್ತದೆ, ಒಳಗಿನ ಸರಕು ಹಾಗೇ ಉಳಿದಿರುತ್ತದೆ. ವಿಂಡೋಸ್ ರಿಸೆಟ್‌ನಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ‘ಕ್ಲೀನ್ ಡೇಟಾ’ ಆನ್ ಮಾಡಿ. ಹಾರ್ಡ್ ಡಿಸ್ಕ್ ಆದರೆ ತಾಸುಗಟ್ಟಲೆ ಹಿಡಿಯುತ್ತದೆ. ಚಾರ್ಜರ್ ಹಚ್ಚಿಟ್ಟು ಮಲಗಿಬಿಡಿ. ನನ್ನ ಒಲವು ಅಳಿಸಿ ಕೊಡೋದಕ್ಕೇ.

ಡಿಸ್ಕೇ ಕಟಕಟ ಅನ್ನುತ್ತಿದ್ದರೆ ಮಾತ್ರ ಕಿತ್ತುಬಿಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬೆಲೆ ಹೇಳುವಾಗ ನೆನಪಿರಲಿ. ಹಾಂ, ಕೀಬೋರ್ಡ್ ಸಂದಿಯ ಗಿರ್ಮಿಟ್ ಚುರುಮುರಿಯನ್ನೂ ಕೊಡವಿರಿ.